ಅಜ್ಜನ ಪೆಟ್ಟಿಗೆಯ ನಾಣ್ಯಗಳನ್ನು ಅಂಚೆಯಲ್ಲಿ ಕಳಿಸಬಹುದೇ?

ಪ್ರಶ್ನೆ: ಕೊಡಗಿನ ವಿರಾಜಪೇಟೆ ಸಮೀಪದ ನಮ್ಮ ಐನ್‌ಮನೆಯಲ್ಲಿ (ಕುಲದ ಮೂಲ ಮನೆ) ಅಜ್ಜ ಕೂಡಿಟ್ಟ ನಾಣ್ಯಗಳ ಪೆಟ್ಟಿಗೆ ಸಿಕ್ಕಿದೆ. ವಿಕ್ಟೋರಿಯಾ ಮತ್ತು ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿ ಹನ್ನೆರಡು ಇವೆ, ಒಂದರ ಮೇಲೆ 1911 ಎಂದಿದೆ. ಇಪ್ಪತ್ತೊಂದು ಪುಟಾಣಿ ಚಿನ್ನದ ವೀರರಾಯ ಪಣ, ಅಜ್ಜಿಯ ಪತ್ತಾಕ್ ಎಂಬ ಕೊರಳ ಒಡವೆಯಿಂದ ಬಿಚ್ಚಿದ ಒಂದು ಪವನು (ಬ್ರಿಟಿಷ್ ಚಿನ್ನದ ನಾಣ್ಯ), ನಾಲ್ಕು ತಾಮ್ರದ ಕಾಸು. ಬೆಂಗಳೂರಿನ ಸಂಗ್ರಾಹಕರೊಬ್ಬರು ಫೋಟೊ ನೋಡಿ ಕೊಳ್ಳಲು ಒಪ್ಪಿದ್ದಾರೆ. ಎಲ್ಲ ಸೇರಿ ಒಂದು ಲಕ್ಷ ದಾಟುತ್ತದೆ. ಕೌಟುಂಬಿಕ ಕಾರಣದಿಂದ ನಾನೇ ಹೋಗಲು ಆಗುತ್ತಿಲ್ಲ. ಕೊರಿಯರ್‌ನವರು ನಾಣ್ಯ ಎಂದ ಕೂಡಲೇ ತೆಗೆದುಕೊಳ್ಳುವುದಿಲ್ಲ ಎಂದರು. ಪಕ್ಕದ ಮನೆಯವರು, ಕಾಫಿಪುಡಿ ಎಂದು ಬರೆದು ಕಳಿಸಿ, ಯಾರಿಗೂ ಗೊತ್ತಾಗಲ್ಲ ಅನ್ನುತ್ತಾರೆ. ಇನ್ನೊಬ್ಬರು ಹಳೆ ನಾಣ್ಯ ಅಂಚೆಯಲ್ಲಿ ಕಳಿಸುವುದೇ ಅಪರಾಧ ಎಂದು ಹೆದರಿಸಿದ್ದಾರೆ. ಮಳೆಗಾಲ ಬೇರೆ. ಕಳಿಸುವ ಮೊದಲು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆಯಬೇಕೇ? ಏನು ಮಾಡಲಿ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ, ಏಕೆಂದರೆ ಅದು ಇವತ್ತೇ ಆಗಿಬಿಡಬಹುದಾದ ನಷ್ಟ. ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು, ಕಾಚಂಪುಳಿ, ಬೂದಿ, ಟೂತ್‌ಪೇಸ್ಟ್, ಹಿತ್ತಾಳೆ ಪಾಲಿಶ್ ಯಾವುದೂ ಬೇಡ. ಬೆಳ್ಳಿಯ ಮೇಲೆ ಕೂತಿರುವ ಮಾಸಲು ಬಣ್ಣ ಕೊಳೆಯಲ್ಲ. ನಾಣ್ಯ ಮುಟ್ಟದೆ ಉಳಿದಿದೆ ಎಂಬುದಕ್ಕೆ ಸಂಗ್ರಾಹಕರು ನೋಡುವ ಮೊದಲ ಗುರುತೇ ಅದು. ಹುಳಿ ಆ ಪದರವನ್ನು ಕಿತ್ತುಹಾಕುತ್ತದೆ, ಉಜ್ಜುವ ಬಟ್ಟೆ ಕೂದಲಿನಷ್ಟು ತೆಳ್ಳಗಿನ ಗೀರುಗಳನ್ನು ಬಿಡುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅವು ಸ್ಪಷ್ಟವಾಗಿ ಕಾಣುತ್ತವೆ, ಮತ್ತೆ ಹೋಗುವುದಿಲ್ಲ. ಫೋಟೊ ನೋಡಿ ಬೆಲೆ ಒಪ್ಪಿದವರು ಹೊಳೆಯುವ ನಾಣ್ಯ ಕೈಗೆ ಬಂದಾಗ ಮಾತು ಬದಲಿಸಿದರೆ ತಪ್ಪು ಅವರದ್ದಾಗಿರುವುದಿಲ್ಲ.

ಇನ್ನು ಕಾನೂನಿನ ಮಾತು. ದೇಶದ ಒಳಗೆ ಹಳೆ ನಾಣ್ಯವನ್ನು ಅಂಚೆಯಲ್ಲಿ ಕಳಿಸುವುದು ಅಪರಾಧವಲ್ಲ. ನಿಮ್ಮನ್ನು ಹೆದರಿಸಿದವರ ಕಿವಿಗೆ ಬಿದ್ದಿರುವುದು ಬಹುಶಃ 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ. ಅದರ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ, ಉಡುಗೊರೆಯಾಗಿಯೂ ಇಲ್ಲ, ದುಬೈಯಲ್ಲಿರುವ ನೆಂಟರ ಚೀಲದಲ್ಲಿ ಹಾಕಿಯೂ ಇಲ್ಲ. ಪುರಾತನ ವಸ್ತು ಮಾರುವುದನ್ನೇ ವ್ಯಾಪಾರವಾಗಿ ನಡೆಸುವವರು ಪರವಾನಗಿ ಪಡೆದಿರಬೇಕು. ಮನೆಯ ಪೆಟ್ಟಿಗೆಯಲ್ಲಿದ್ದದ್ದನ್ನು ಒಮ್ಮೆ ಮಾರುವ ನೀವು ವ್ಯಾಪಾರಿಯಲ್ಲ. ಕೊಳ್ಳುವವರು ಅಂಗಡಿಯವರಾದರೆ ಅವರ ಪರವಾನಗಿಯ ಪ್ರತಿ ಕೇಳುವುದು ನಿಮ್ಮ ಹಕ್ಕು. ಒಂದು ಎಚ್ಚರಿಕೆ ಮಾತ್ರ ಸೇರಿಸಬೇಕು. ನಾಣ್ಯ ಪೆಟ್ಟಿಗೆಯಲ್ಲಿ ಸಿಗದೆ ತೋಟದಲ್ಲಿ ಗುಂಡಿ ತೋಡುವಾಗ, ಹಳೆ ಗೋಡೆ ಕೆಡಹುವಾಗ ಸಿಕ್ಕಿದ್ದರೆ ಅದು ನಿಧಿ ಕಾಯ್ದೆಗೆ ಸೇರಿದ ವಿಷಯ. ಆಗ ಜಿಲ್ಲಾಧಿಕಾರಿಗೆ ತಿಳಿಸದೆ ಮಾರುವಂತಿಲ್ಲ.

ಕೊರಿಯರ್‌ನವರು ನಿರಾಕರಿಸಿದ್ದೂ ಕಾನೂನಿನ ಕಾರಣಕ್ಕಲ್ಲ. ಹೆಚ್ಚಿನ ಖಾಸಗಿ ಕೊರಿಯರ್ ಕಂಪನಿಗಳು ನಗದು, ನಾಣ್ಯ, ಚಿನ್ನ, ಒಡವೆ ಸ್ವೀಕರಿಸುವುದಿಲ್ಲ ಎಂದು ತಮ್ಮ ಷರತ್ತಿನಲ್ಲೇ ಬರೆದಿರುತ್ತವೆ. ನಿಮ್ಮ ಮುಖದ ಮೇಲೆ ಇಲ್ಲ ಎಂದವರು ಪ್ರಾಮಾಣಿಕರು. ಅಪಾಯವಿರುವುದು, ಏನೂ ಕೇಳದೆ ತೆಗೆದುಕೊಳ್ಳುವ ಕೌಂಟರ್‌ನಲ್ಲಿ. ಅಲ್ಲಿ ಕಾಫಿಪುಡಿ ಎಂದು ಬರೆದು ಕೊಟ್ಟರೆ, ಪಾರ್ಸೆಲ್ ಕಳೆದ ದಿನ ನಿಮ್ಮ ಕೈಯಲ್ಲಿ ಉಳಿಯುವುದು ಕಾಫಿಪುಡಿಯ ರಸೀದಿ. ನಾಣ್ಯ ಇತ್ತು ಎಂದು ಹೇಳಿದ ಕ್ಷಣ ನೀವು ಸುಳ್ಳು ಘೋಷಣೆ ಮಾಡಿದ್ದೀರಿ ಎಂದಾಗುತ್ತದೆ, ಪರಿಹಾರದ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಹೊರಗೆ ನಾಣ್ಯ ಎಂದು ಬರೆಯದಿರುವುದು ಜಾಣತನ. ಬೇರೆ ವಸ್ತುವಿನ ಹೆಸರು ಬರೆಯುವುದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ಇವೆರಡರ ನಡುವಿನ ಗೆರೆ ನೆನಪಿರಲಿ.

ನಾಣ್ಯ ದಾರಿಯಲ್ಲಿ ಯಾಕೆ ಕಳೆಯುತ್ತದೆ?

ಕಳವು ಎಂಬುದೇ ಎಲ್ಲರ ಮನಸ್ಸಿಗೆ ಮೊದಲು ಬರುವ ಉತ್ತರ. ಆದರೆ ನಾಣ್ಯದ ಪಾರ್ಸೆಲ್‌ಗಳು ಹಾಳಾಗುವ ದಾರಿ ಹೆಚ್ಚಾಗಿ ಒಳಗಿನಿಂದಲೇ ಶುರುವಾಗುತ್ತದೆ. ಒಂದು ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಡ್ಡಳತೆ ಮೂವತ್ತು ಮಿಲಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅಷ್ಟು ಸಣ್ಣ ಜಾಗದಲ್ಲಿ ಅಷ್ಟು ಭಾರ ಇರುವ ವಸ್ತು ಕವರಿನೊಳಗೆ ಅಲ್ಲಾಡುತ್ತಿದ್ದರೆ, ಚೀಲ ಎತ್ತಿ ಹಾಕಿದಾಗಲೆಲ್ಲ ಅದರ ಅಂಚು ಕಾಗದಕ್ಕೆ ಒಂದೇ ಕಡೆ ಬಡಿಯುತ್ತದೆ. ಮೊದಲು ಮೂಲೆ ಸವೆಯುತ್ತದೆ, ಆಮೇಲೆ ಬಿರಿಯುತ್ತದೆ, ನಾಣ್ಯ ಚೀಲದ ತಳಕ್ಕೆ ಬೀಳುತ್ತದೆ. ಖಾಲಿ ಕವರು ವಿಳಾಸಕ್ಕೆ ತಲುಪುತ್ತದೆ, ಕದ್ದರು ಎಂಬ ಮಾತು ಹುಟ್ಟುತ್ತದೆ. ಕಳವು ಆಗುವ ಕಡೆಯೂ ಕಾರಣ ಇದೇ ಅಲ್ಲಾಟ. ಜಣಜಣ ಸದ್ದು ಒಳಗೆ ಏನಿದೆ ಎಂದು ಕೈಗೆ ಬಂದವರಿಗೆಲ್ಲ ಹೇಳುತ್ತದೆ.

ಎರಡನೆಯದು ಪೆಟ್ಟು. ಅಂಚೆ ಕಚೇರಿಯಲ್ಲಿ ಕವರಿನ ಮೇಲೆ ತಾರೀಕಿನ ಮುದ್ರೆ ಕೈಯಿಂದ ಕುಟ್ಟುತ್ತಾರೆ. ತೆಳುವಾದ ಕವರಿನೊಳಗೆ ವೀರರಾಯ ಪಣ ಇದ್ದರೆ ಆ ಒಂದು ಏಟಿಗೆ ಬಾಗುತ್ತದೆ. ಅದರ ತೂಕ ಅರ್ಧ ಗ್ರಾಂ ಕೂಡ ಇಲ್ಲ, ದಪ್ಪ ಹೆಸರಿಗೆ ಮಾತ್ರ. ಬೆಳ್ಳಿ ರೂಪಾಯಿಗಳನ್ನು ಒಂದರ ಮೇಲೊಂದು ಜೋಡಿಸಿ ಕಾಗದ ಸುತ್ತಿದರೂ ಕಷ್ಟವೇ. ದಾರಿಯುದ್ದಕ್ಕೂ ಒಂದಕ್ಕೊಂದು ತಿಕ್ಕಿ, ರಾಜನ ಕೆನ್ನೆ ಮತ್ತು ಕಿರೀಟದಂಥ ಎತ್ತರದ ಭಾಗಗಳೇ ಮೊದಲು ಗೀರು ಬೀಳುತ್ತವೆ. ಬೆಲೆ ಕಟ್ಟುವವರು ಮೊದಲು ನೋಡುವುದೂ ಆ ಜಾಗಗಳನ್ನೇ.

ಮೂರನೆಯದು ನಮ್ಮ ಜಿಲ್ಲೆಯ ಹವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ. ಆ ಗಾಳಿಯನ್ನೇ ಒಳಗೆ ಸೇರಿಸಿ ಪ್ಲಾಸ್ಟಿಕ್ ಕವರು ಮುಚ್ಚಿದರೆ, ಲಾರಿಯ ಬಿಸಿ ಮತ್ತು ರಾತ್ರಿಯ ತಂಪಿನ ನಡುವೆ ತೇವ ಹನಿಯಾಗಿ ನಾಣ್ಯದ ಮೇಲೆ ಕೂರುತ್ತದೆ. ಚಿನ್ನಕ್ಕೆ ಏನೂ ಆಗದು, ಬೆಳ್ಳಿ ಕಲೆ ಹಿಡಿಯುತ್ತದೆ, ತಾಮ್ರದ ಕಾಸು ಹಸಿರು ಕಿಲುಬು ಕಟ್ಟುತ್ತದೆ.

ಕಟ್ಟುವ ಮೊದಲು ಬೇರ್ಪಡಿಸಿ

ನಿಮ್ಮ ಪಟ್ಟಿಯಲ್ಲಿ ಎಲ್ಲವೂ ಬೆಂಗಳೂರಿಗೆ ಹೋಗಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಪತ್ತಾಕ್‌ನಲ್ಲಿದ್ದ ಪವನು ನೋಡಿ. ಅದರ ಅಂಚಿನಲ್ಲಿ ಬೆಸುಗೆ ಹಾಕಿದ ಗುರುತು ಇರುವುದು ಬಹುತೇಕ ಖಚಿತ. ಬೆಸುಗೆ ಕಂಡ ಪವನಿಗೆ ಸಂಗ್ರಾಹಕರು ಕೊಡುವ ಹೆಚ್ಚುವರಿ ಬೆಲೆ ಉಳಿಯುವುದಿಲ್ಲ, ಚಿನ್ನದ ತೂಕಕ್ಕೆ ಬರುವುದೇ ಬೆಲೆ. ಪೂರ್ತಿ ಪವನು 7.98 ಗ್ರಾಂ, 22 ಕ್ಯಾರೆಟ್. ಅದನ್ನು ದಾರಿಯ ಅಪಾಯಕ್ಕೆ ಒಡ್ಡುವುದಕ್ಕಿಂತ ವಿರಾಜಪೇಟೆಯಲ್ಲೋ ಗೋಣಿಕೊಪ್ಪಲಿನಲ್ಲೋ ನಂಬಿಕೆಯ ಚಿನ್ನದ ಅಂಗಡಿಯಲ್ಲಿ ತೂಗಿಸಬಹುದು, ಅಥವಾ ಮತ್ತೆ ಪತ್ತಾಕ್‌ಗೇ ಸೇರಿಸಬಹುದು. ಮಾರುವ ಮುನ್ನ ಇಸವಿಯನ್ನು ಮಾತ್ರ ನೋಡಿ. 1918ರದಾಗಿದ್ದು, ಇಸವಿಯ ಹತ್ತಿರ ಇಂಗ್ಲಿಷಿನ ಐ ಅಕ್ಷರ ಸಣ್ಣದಾಗಿ ಇದ್ದರೆ ಅದು ಮುಂಬಯಿ ಟಂಕಸಾಲೆಯದು, ಆ ಒಂದೇ ವರ್ಷ ಅಲ್ಲಿ ಪವನು ಅಚ್ಚಾದದ್ದು. ಬೆಸುಗೆ ಇದ್ದರೂ ಒಮ್ಮೆ ತಿಳಿದವರಿಗೆ ತೋರಿಸಿ.

1911ರ ರೂಪಾಯಿ ಬಗ್ಗೆ ಅಂತರ್ಜಾಲದಲ್ಲಿ ಬರುವ ಲಕ್ಷಗಳ ಮಾತು ನಂಬಬೇಡಿ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿದ್ದ ಆನೆ ಹಂದಿಯಂತೆ ಕಾಣುತ್ತದೆಂದು ಗಲಾಟೆಯಾಗಿ, 1912ರಲ್ಲಿ ಚಿತ್ರ ತಿದ್ದಿದರು. ಹಾಗಾಗಿ ಅದಕ್ಕೆ ಬೇಡಿಕೆ ಇದೆ. ಆದರೆ ಬೆಲೆ ನಿಲ್ಲುವುದು ನಾಣ್ಯ ಎಷ್ಟು ಸವೆದಿದೆ ಎಂಬುದರ ಮೇಲೆ. ಅಂಚೆಯಲ್ಲಿ ಪಾರ್ಸೆಲ್‌ಗೆ ವಿಮೆ ಮಾಡಿಸಿ ಮೊತ್ತ ಬರೆಯುವಾಗ ಈ ಅಂದಾಜು ಸರಿಯಾಗಿರಬೇಕು. ಹೆಚ್ಚು ಬರೆದರೆ ಹೆಚ್ಚು ಸಿಗುವುದಿಲ್ಲ. ಕೊಂಡವರು ಒಪ್ಪಿದ ಬೆಲೆಯ ಬರಹ, ಸಂದೇಶವಾದರೂ ಸರಿ, ಜೊತೆಗಿಟ್ಟುಕೊಳ್ಳಿ.

ವೀರರಾಯ ಪಣ ಮಲಬಾರಿನಲ್ಲೂ ಕೊಡಗಿನಲ್ಲೂ ಓಡಾಡಿದ ನಾಣ್ಯ. ಹೆಸರು ನೋಡಿ ಎಲ್ಲವೂ ಕೊಡಗಿನ ಅರಸರದ್ದೇ ಎಂದು ಬರೆದು ಕಳಿಸಬೇಡಿ. ಅಚ್ಚಿನಲ್ಲಿ ಬೇರೆ ಬೇರೆ ಬಗೆ ಇರುತ್ತವೆ, ಪ್ರತಿಯೊಂದರ ಎರಡು ಬದಿಯ ಫೋಟೊ ಬೇಕೇ ಬೇಕು. ಇಪ್ಪತ್ತೊಂದೂ ಒಂದೇ ರೀತಿ ಕಂಡರೂ ತಲುಪಿದ್ದು ನೀವು ಕಳಿಸಿದ್ದೇ ಎಂದು ತೋರಿಸಲು ಬೇರೆ ದಾರಿ ಇಲ್ಲ.

ಫೋಟೊ ತೆಗೆಯುವ ಕ್ರಮ ಹೀಗಿರಲಿ. ಕಿಟಕಿಯ ಬೆಳಕಿನಲ್ಲಿ, ಬಿಳಿ ಕಾಗದದ ಮೇಲೆ, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು, ಮುಂಬದಿ ಮತ್ತು ಹಿಂಬದಿ. ಬೆಳ್ಳಿ ರೂಪಾಯಿಗೆ ಅಂಚಿನ ಗೆರೆಗಳದ್ದೂ ಒಂದು. ನೂರನೇ ಒಂದು ಗ್ರಾಂವರೆಗೆ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಿಗುತ್ತದೆ, ಅದರ ಮೇಲಿಟ್ಟು ಅಂಕಿ ಕಾಣುವಂತೆ ಇನ್ನೊಂದು. ನಾಣ್ಯಗಳಿಗೆ 1, 2, 3 ಎಂದು ಸಂಖ್ಯೆ ಕೊಟ್ಟು ಪಟ್ಟಿ ಬರೆಯಿರಿ, ಅದೇ ಪಟ್ಟಿಯ ಪ್ರತಿ ಕೊಳ್ಳುವವರಿಗೆ ಮೊದಲೇ ಕಳಿಸಿ ಒಪ್ಪಿಗೆ ಪಡೆಯಿರಿ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿ ಹಿಡಿಯಿರಿ. ಬೆವರಿನ ಬೆರಳು ತಾಮ್ರದ ಮೇಲೆ ಒತ್ತಿದರೆ ಆ ಗುರುತು ಕೆಲವೇ ದಿನಗಳಲ್ಲಿ ಕಂದು ಕಲೆಯಾಗಿ ನಿಲ್ಲುತ್ತದೆ.

ಕಟ್ಟುವುದು

ಸಾಮಾನು ಹೊಂದಿಸುವಾಗ ಒಂದು ವಿಷಯಕ್ಕೆ ರಾಜಿ ಬೇಡ: ನಾಣ್ಯಕ್ಕೆ ತಾಗುವ ಪ್ಲಾಸ್ಟಿಕ್. ಸ್ಟೇಷನರಿ ಅಂಗಡಿಯ ಮೆತ್ತನೆಯ, ಹೊಸ ಮಳೆಕೋಟಿನ ವಾಸನೆ ಬರುವ ಪಾರದರ್ಶಕ ಕವರು ಪಿವಿಸಿಯದು. ಬಿಸಿ ಮತ್ತು ತೇವದಲ್ಲಿ ಅದು ಒಡೆದು ಆಮ್ಲ ಬಿಡುತ್ತದೆ, ನಾಣ್ಯದ ಮೇಲೆ ಹಸಿರು ಜಿಗುಟು ಕೂರುತ್ತದೆ. ಮೂರು ದಿನದ ಪ್ರಯಾಣಕ್ಕೆ ಏನಾಗುತ್ತದೆ ಅನ್ನಬಹುದು. ಆದರೆ ತಲುಪಿದ ಮೇಲೆ ಅದೇ ಕವರಿನಲ್ಲಿ ತಿಂಗಳುಗಟ್ಟಲೆ ಉಳಿಯುವ ನಾಣ್ಯಗಳೇ ಹೆಚ್ಚು. ಬೇಕಾದದ್ದು ಮೈಲಾರ್ ಎಂಬ ಪಾರದರ್ಶಕ ಹಾಳೆಯ ಕಿಟಕಿ ಇರುವ, ಎರಡು ಇಂಚು ಚದರದ ರಟ್ಟಿನ ನಾಣ್ಯದ ಹೋಲ್ಡರ್, ಇಲ್ಲವೇ ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್. ನಾಣ್ಯ ಸಂಗ್ರಹದ ಸಾಮಾನು ಮಾರುವವರಲ್ಲಿ ಎರಡೂ ಸಿಗುತ್ತವೆ, ಆನ್‌ಲೈನ್‌ನಲ್ಲೂ ತರಿಸಬಹುದು. ಬೆಳ್ಳಿ ರೂಪಾಯಿಗೆ 31 ಮಿಲಿಮೀಟರ್ ಕ್ಯಾಪ್ಸೂಲ್ ಸರಿ. ಅಳತೆ ದೊಡ್ಡದಾಗಿ ಒಳಗೆ ಅಲ್ಲಾಡುವುದಾದರೆ ಕ್ಯಾಪ್ಸೂಲ್‌ಗಿಂತ ರಟ್ಟಿನ ಹೋಲ್ಡರೇ ಮೇಲು.

ರಟ್ಟಿನ ಹೋಲ್ಡರ್ ಮಡಚಿ ಮೂರು ಬದಿಗೂ ಸ್ಟೇಪ್ಲರ್ ಪಿನ್ ಹೊಡೆಯಬೇಕು, ಪಿನ್ ನಾಣ್ಯದ ಅಂಚಿಗೆ ತಾಗಬಾರದು. ಆಮೇಲೆ ಪಿನ್‌ನ ಎರಡೂ ಬದಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಇದನ್ನು ಮಾಡದೆ ಹೋಲ್ಡರ್‌ಗಳನ್ನು ಒಂದರ ಮೇಲೊಂದು ಇಟ್ಟರೆ ಒಂದರ ಪಿನ್ ಇನ್ನೊಂದರ ಕಿಟಕಿ ಹರಿದು ನಾಣ್ಯ ಗೀರುತ್ತದೆ. ಅಂಟು ಇರುವ ಹೋಲ್ಡರ್ ಕೂಡ ಸಿಗುತ್ತದೆ, ಪಿನ್ ಬೇಡ. ಬೆಳ್ಳಿ ರೂಪಾಯಿಗೆ ಅದು ನಡೆಯುತ್ತದೆ, ಪಣಕ್ಕೆ ಬೇಡವೇ ಬೇಡ. ಅಷ್ಟು ಸಣ್ಣ ನಾಣ್ಯ ಕಿಟಕಿಯ ಮಧ್ಯೆ ನಿಲ್ಲದೆ ಸರಿದು ಅಂಟಿಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸುವಾಗ ಬಾಗುತ್ತದೆ.

ಪಣಗಳಿಗೆ ಒಂದೊಂದಕ್ಕೂ ಅತಿ ಸಣ್ಣ ಕಿಟಕಿಯ, ಪಿನ್ ಹೊಡೆಯುವ ಹೋಲ್ಡರ್ ಬಳಸಿ. ಕೆಲಸ ಮಾಡುವಾಗ ಫ್ಯಾನ್ ಆರಿಸಿ, ಕಪ್ಪು ಬಟ್ಟೆ ಹಾಸಿದ ಅಂಚಿರುವ ತಟ್ಟೆಯೊಳಗೇ ಮಾಡಿ. ಪ್ಲಾಸ್ಟಿಕ್‌ನ ವಿದ್ಯುತ್ ಸೆಳೆತಕ್ಕೆ ಪಣ ಕಿಟಕಿಗೆ ಅಂಟಿಕೊಂಡು ಮೇಲೆದ್ದು, ಎಲ್ಲಿ ಬಿತ್ತೆಂದು ಗೊತ್ತಾಗದೆ ಹೋಗುವುದುಂಟು. ಹಲಗೆ ನೆಲದ ಹಳೆ ಮನೆಯಲ್ಲಿ ಒಮ್ಮೆ ಸಂದಿಗೆ ಬಿದ್ದರೆ ಹುಡುಕುವುದು ಕಷ್ಟ. ಇಪ್ಪತ್ತೊಂದನ್ನೂ ಒಂದೇ ಸಣ್ಣ ಡಬ್ಬಿಗೆ ಸುರಿದು ಕಳಿಸುವ ಆಸೆ ಬರಬಹುದು. ತೆಳು ಚಿನ್ನ ತೆಳು ಚಿನ್ನಕ್ಕೆ ತಿಕ್ಕುವುದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ.

ಕಟ್ಟುವ ಮೊದಲು ನಾಣ್ಯಗಳ ತೇವ ತೆಗೆಯಬೇಕು. ಹೋಲ್ಡರ್ ಸಮೇತ ಎಲ್ಲವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಎರಡು ದಿನ ಇಡಿ. ಬಣ್ಣ ಬದಲಿಸುವ ಸಿಲಿಕಾ ಜೆಲ್ ಕೊಂಡರೆ ಅದು ತೇವ ಹೀರಿದ್ದು ಕಣ್ಣಿಗೇ ಕಾಣುತ್ತದೆ. ಬಿಸಿಲಿಗೆ ಇಡುವುದು, ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು ಬೇಡ. ಹೊಗೆಯಲ್ಲಿರುವ ಗಂಧಕ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಅದೇ ಕಾರಣಕ್ಕೆ ರಬ್ಬರ್ ಬ್ಯಾಂಡ್ ಕೂಡ ನಾಣ್ಯದ ಹತ್ತಿರ ಬರಬಾರದು. ಬೆಳ್ಳಿ ರೂಪಾಯಿಯ ಮೇಲೆ ಅಡ್ಡಲಾಗಿ ಕಪ್ಪು ಗೆರೆ ಕಂಡರೆ ಅದು ಸಾಮಾನ್ಯವಾಗಿ ರಬ್ಬರ್ ಬ್ಯಾಂಡಿನ ಗುರುತು.

ಈಗ ಜೋಡಣೆ. ಪೆಟ್ಟಿಗೆ ರಟ್ಟಿನಿಂದ ಸುಮಾರು 20 ಸೆಂಟಿಮೀಟರ್ ಉದ್ದ, 13 ಅಗಲದ ಎರಡು ತುಂಡು ಕತ್ತರಿಸಿ. ಒಂದರಲ್ಲಿ ರಟ್ಟಿನೊಳಗಿನ ಏಣುಗಳು ಉದ್ದಕ್ಕೆ ಹೋಗಲಿ, ಇನ್ನೊಂದರಲ್ಲಿ ಅಡ್ಡಕ್ಕೆ. ಹೀಗೆ ಜೋಡಿಸಿದರೆ ಯಾವ ಕಡೆಗೂ ಮಡಚದು. ಒಂದು ತುಂಡಿನ ಮೇಲೆ ಆರು ಹೋಲ್ಡರ್‌ಗಳನ್ನು ಎರಡು ಸಾಲಿನಲ್ಲಿ, ನಡುವೆ ಅರ್ಧ ಸೆಂಟಿಮೀಟರ್ ಬಿಟ್ಟು ಇಡಿ. ಪ್ರತಿಯೊಂದರ ನಾಲ್ಕೂ ಬದಿಗೆ ಟೇಪ್ ಹಾಕಿ, ಟೇಪ್ ರಟ್ಟಿನ ಚೌಕಟ್ಟಿಗೆ ಮಾತ್ರ ತಾಗಲಿ, ಕಿಟಕಿಗೆ ಬೇಡ. ಎರಡನೇ ತುಂಡು ಮೇಲೆ ಮುಚ್ಚಿ ಸುತ್ತಲೂ ಟೇಪ್ ಹಾಕಿ. ಟೇಪಿನ ಕೊನೆಯನ್ನು ಸ್ವಲ್ಪ ಮಡಚಿ ಬಿಡಿ. ಬಿಚ್ಚುವವರು ಅದನ್ನು ಹಿಡಿದು ಎಳೆಯಬಹುದು, ಬ್ಲೇಡು ಹಾಕುವ ಅಗತ್ಯ ಬರುವುದಿಲ್ಲ. ತಲುಪಿದ ಮೇಲೆ ಬ್ಲೇಡಿನಿಂದ ಗೀರು ಬೀಳುವುದು ಬಹಳ ನೋವಿನ ಸಂಗತಿ, ತಡೆಯುವುದು ಇಷ್ಟು ಸುಲಭ. ಕ್ಯಾಪ್ಸೂಲ್ ಬಳಸಿದವರು ಅದರ ದಪ್ಪಕ್ಕೆ ತಕ್ಕ ಗುಂಡಿಯನ್ನು ಥರ್ಮಾಕೋಲ್ ಹಾಳೆಯಲ್ಲಿ ಕೊರೆದು ಕೂರಿಸಬೇಕು.

ಈ ರಟ್ಟಿನ ಕಟ್ಟುಗಳನ್ನು ಜಿಪ್ ಲಾಕ್ ಕವರಿಗೆ ಹಾಕಿ, ಹೊಸ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಸೇರಿಸಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಮೇಲೆ ಬಬಲ್ ರಾಪ್ ಎರಡು ಸುತ್ತು, ಅದರ ಮೇಲೆ ಮೂರು ಪದರದ ಗಟ್ಟಿ ರಟ್ಟಿನ ಸಣ್ಣ ಪೆಟ್ಟಿಗೆ. ಪೆಟ್ಟಿಗೆಯ ಆರೂ ಬದಿಯಲ್ಲಿ ಮೂರು ಸೆಂಟಿಮೀಟರ್‌ನಷ್ಟು ಮೆತ್ತೆ ಇರಲಿ. ಕಾಗದ ತುರುಕುವುದಾದರೆ ಬಿಗಿಯಾಗಿ ತುರುಕಿ, ಸಡಿಲ ಕಾಗದ ದಾರಿಯಲ್ಲಿ ಕುಗ್ಗಿ ಜಾಗ ಬಿಡುತ್ತದೆ. ಒಳಗೇ ಇಬ್ಬರ ವಿಳಾಸ ಮತ್ತು ಫೋನ್ ಸಂಖ್ಯೆ ಬರೆದ ಚೀಟಿ ಹಾಕಿ. ಹೊರಗಿನ ಬರಹ ಒದ್ದೆಯಾಗಿ ಅಳಿಸಿದರೆ ಪಾರ್ಸೆಲ್ ಯಾರದ್ದೆಂದು ಹೇಳುವುದು ಆ ಚೀಟಿಯೇ.

ಮುಚ್ಚಿದ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಜೋರಾಗಿ ಅಲ್ಲಾಡಿಸಿ. ಸಣ್ಣ ಸದ್ದು ಕೇಳಿದರೂ ಬಿಚ್ಚಿ ಮತ್ತೆ ಕಟ್ಟಿ. ಮೊದಲ ಸಲ ಕಟ್ಟುವವರು ನಾಣ್ಯದ ಬದಲು ಹಾರ್ಡ್‌ವೇರ್ ಅಂಗಡಿಯ ಕಬ್ಬಿಣದ ವಾಷರ್‌ಗಳನ್ನು ಹಾಕಿ ಒಂದು ಮಾದರಿ ಕಟ್ಟಿ, ಸೊಂಟದ ಎತ್ತರದಿಂದ ಮೂಲೆ ಕೆಳಗಾಗಿ ಸಿಮೆಂಟ್ ನೆಲಕ್ಕೆ ನಾಲ್ಕೈದು ಸಲ ಬೀಳಿಸಿ ನೋಡುವುದು ಒಳ್ಳೆಯದು. ಬಿಚ್ಚಿದಾಗ ಎಲ್ಲವೂ ಇಟ್ಟ ಜಾಗದಲ್ಲೇ ಇದ್ದರೆ ಕಟ್ಟು ಸರಿಯಾಗಿದೆ.

ಅಂಚೆ ಕಚೇರಿಯಲ್ಲಿ

ರಿಜಿಸ್ಟರ್ಡ್ ಪೋಸ್ಟ್ ಮಾಡಿ ಎಂದು ಹಿರಿಯರು ಹೇಳುತ್ತಾರೆ. ಅದು ಈಗ ಪ್ರತ್ಯೇಕ ಸೇವೆಯಾಗಿ ಉಳಿದಿಲ್ಲ, 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಸೇರಿಹೋಗಿದೆ. ಈಗ ಸ್ಪೀಡ್ ಪೋಸ್ಟ್ ಮಾಡುವಾಗ ನೋಂದಣಿ ಬೇಕು ಎಂದು ಕೇಳಿ ಪಡೆಯಬೇಕು. ವಿಳಾಸದಾರರ ಕೈಗೇ ತಲುಪಿಸುವ ಈ ಸೌಲಭ್ಯಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ. ಒಟಿಪಿ ಹೇಳಿದರೆ ಮಾತ್ರ ಕೊಡುವ ಸೌಲಭ್ಯಕ್ಕೂ ಅಷ್ಟೇ. ಎರಡನ್ನೂ ತೆಗೆದುಕೊಳ್ಳಿ.

ಆದರೆ ಸ್ಪೀಡ್ ಪೋಸ್ಟ್ ಎಂದ ಮಾತ್ರಕ್ಕೆ ಒಳಗಿನ ವಸ್ತುವಿಗೆ ರಕ್ಷಣೆ ಇದೆ ಎಂದು ತಿಳಿಯುವುದು ದೊಡ್ಡ ತಪ್ಪು. ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳೆದರೆ ಸಿಗುವ ಪರಿಹಾರ ನೀವು ಕೊಟ್ಟ ಶುಲ್ಕದ ಎರಡರಷ್ಟು ಅಥವಾ 1000 ರೂಪಾಯಿ, ಯಾವುದು ಕಡಿಮೆಯೋ ಅದು. ನಾಣ್ಯದ ಬೆಲೆ ಅಲ್ಲಿ ಲೆಕ್ಕಕ್ಕೇ ಇಲ್ಲ. ಆದ್ದರಿಂದ ವಿಮೆ ಮಾಡಿಸಲೇಬೇಕು. ವಿಮೆಯ ಗರಿಷ್ಠ ಮಿತಿ 1 ಲಕ್ಷ ರೂಪಾಯಿ. ಹಳ್ಳಿಯ ಬ್ರಾಂಚ್ ಅಂಚೆ ಕಚೇರಿಯಲ್ಲಿ ಆ ಮಿತಿ ಬರೀ 600. ನಿಮ್ಮೂರಿನ ಕಚೇರಿ ಎಷ್ಟೇ ಹತ್ತಿರವಿದ್ದರೂ ವಿರಾಜಪೇಟೆಯ ಕಚೇರಿಗೋ ಮಡಿಕೇರಿಯ ಪ್ರಧಾನ ಅಂಚೆ ಕಚೇರಿಗೋ ಹೋಗಿ ಕೊಡಿ. ಪಾರ್ಸೆಲ್ ಕೈ ಬದಲಾಗುವುದು ಒಂದು ಸಲ ಕಡಿಮೆಯೂ ಆಗುತ್ತದೆ. ವಿಮೆಯ ಶುಲ್ಕ ಮೌಲ್ಯ ಏರಿದಂತೆ ಏರುತ್ತದೆ, ಸಣ್ಣ ಮೊತ್ತವಲ್ಲ. ಕೌಂಟರ್‌ನಲ್ಲಿ ಮೊದಲೇ ಲೆಕ್ಕ ಹಾಕಿಸಿ, ಅದನ್ನು ಯಾರು ಭರಿಸುವುದು ಎಂದು ಕೊಳ್ಳುವವರ ಜೊತೆ ಮಾತಾಡಿಕೊಳ್ಳಿ.

ವಿಮೆಯ ಪಾರ್ಸೆಲ್‌ಗೆ ಬಟ್ಟೆ ಹೊಲಿದು ಅರಗಿನ ಮುದ್ರೆ ಹಾಕುವ ಪದ್ಧತಿ ಇದೆ. ಯಾವ ರೀತಿ ಬೇಕು ಎಂದು ಹಿಂದಿನ ದಿನವೇ ಹೋಗಿ ಕೇಳಿ ಬನ್ನಿ. ಬಟ್ಟೆಯ ಹೊಲಿಗೆ ಕೂಡುವ ಕಡೆಗಳಲ್ಲಿ, ಹೊಲಿಗೆ ಬಿಚ್ಚಿದರೆ ಮುದ್ರೆ ಒಡೆಯುವಂತೆ ಅರಗು ಬೀಳಬೇಕು. ಎಲ್ಲ ಮುದ್ರೆಗಳಿಗೂ ಒಂದೇ ಬಣ್ಣದ ಅರಗು, ಒಂದೇ ಗುರುತು. ಮನೆಯಲ್ಲಿರುವ ನಾಣ್ಯವನ್ನೇ ಅರಗಿಗೆ ಒತ್ತಿ ಮುದ್ರೆ ಮಾಡುವ ಅಭ್ಯಾಸ ಕೆಲವರಿಗಿದೆ. ಚಲಾವಣೆಯ ನಾಣ್ಯದ ಗುರುತನ್ನೂ ಬರೀ ಗೆರೆಗಳ ಗುರುತನ್ನೂ ಅಂಚೆಯವರು ಒಪ್ಪುವುದಿಲ್ಲ, ಯಾರು ಬೇಕಾದರೂ ಅದನ್ನು ಮತ್ತೆ ಒತ್ತಿಬಿಡಬಹುದಲ್ಲವೇ. ವಿಮೆಯ ಮೊತ್ತವನ್ನು ಹೊರಗೆ ಬರೆಯಬೇಕಾಗುತ್ತದೆ, ಇದಕ್ಕೆ ಹೆದರಬೇಡಿ. ವಿಮೆಯ ಪಾರ್ಸೆಲ್ ಪ್ರತಿ ಹಂತದಲ್ಲೂ ಲೆಕ್ಕ ಬರೆದು ಕೈಯಿಂದ ಕೈಗೆ ಹೋಗುತ್ತದೆ, ಸಾಮಾನ್ಯ ಚೀಲದ ರಾಶಿಯಲ್ಲಿ ಬೀಳುವುದಿಲ್ಲ. ವಿಳಾಸದಲ್ಲಿ ಮಾತ್ರ ನಾಣ್ಯ, ಚಿನ್ನ, ಅಂಗಡಿಯ ಹೆಸರು ಯಾವುದೂ ಬೇಡ, ವ್ಯಕ್ತಿಯ ಹೆಸರು ಸಾಕು.

ರಸೀದಿಯಲ್ಲಿ ಮುದ್ರಿತವಾಗುವ ತೂಕವನ್ನು ಅಲ್ಲೇ ನಿಂತು ಓದಿ. ಮನೆಯ ತಕ್ಕಡಿಯ ಲೆಕ್ಕಕ್ಕೆ ಹೊಂದದಿದ್ದರೆ ಸರಿ ಮಾಡಿಸಿ. ಹನ್ನೆರಡು ಬೆಳ್ಳಿ ರೂಪಾಯಿಯೇ 140 ಗ್ರಾಂ ತೂಗುತ್ತವೆ. ತಲುಪಿದ ಪಾರ್ಸೆಲ್ ಅಷ್ಟು ಹಗುರವಾಗಿದ್ದರೆ ಬಿಚ್ಚುವ ಮೊದಲೇ ಗೊತ್ತಾಗಬೇಕು. ಪರಿಹಾರದ ಅರ್ಜಿಯಲ್ಲಿ ಈ ಎರಡು ತೂಕಗಳಷ್ಟು ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ.

ದಿನವನ್ನೂ ನೋಡಿಕೊಳ್ಳಿ. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಕೊಟ್ಟರೆ ಭಾನುವಾರ ಎಲ್ಲೋ ಗೋದಾಮಿನಲ್ಲಿ ಕೂರುವ ಸಂಭವ ಕಡಿಮೆ. ಜಿಲ್ಲೆಯಲ್ಲಿ ರೈಲಿಲ್ಲ, ಟಪಾಲು ಹೊರಗೆ ಹೋಗುವುದೆಲ್ಲ ರಸ್ತೆಯಲ್ಲೇ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ವಾರಗಟ್ಟಲೆ ಮುಚ್ಚಿದ್ದು ನಿಮಗೆ ನೆನಪಿರಬಹುದು. ನಿಮ್ಮ ಪಾರ್ಸೆಲ್ ಮೈಸೂರಿನ ಕಡೆ ಹೋಗುವುದರಿಂದ ಆ ಘಟ್ಟದ ತೊಂದರೆ ಇಲ್ಲ. ಹಾಗಿದ್ದರೂ ಮಳೆಯ ಕೆಂಪು ಎಚ್ಚರಿಕೆ ಇರುವ ವಾರ ಕಳಿಸದಿರಿ. ಆತುರವಿಲ್ಲದಿದ್ದರೆ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ತಗ್ಗುವವರೆಗೆ ಕಾಯಿರಿ ಎಂದೇ ನಾನು ಹೇಳುತ್ತೇನೆ. ಅಜ್ಜನ ಕಾಲದಿಂದ ಇದ್ದದ್ದು ಇನ್ನೆರಡು ತಿಂಗಳು ಇದ್ದರೆ ನಷ್ಟವಿಲ್ಲ.

ಬೇರೆ ದಾರಿಗಳು

ಮೌಲ್ಯ 1 ಲಕ್ಷ ದಾಟುವುದರಿಂದ ಎರಡು ಪಾರ್ಸೆಲ್ ಮಾಡಿ, ಬೇರೆ ಬೇರೆ ವಾರ ಕಳಿಸುವುದು ಒಂದು ದಾರಿ. ಮೊದಲನೆಯದು ತಲುಪಿ, ಹಣ ಬಂದ ಮೇಲೆ ಎರಡನೆಯದು. ಮೊದಲು ಬೆಳ್ಳಿ ರೂಪಾಯಿಗಳು ಹೋಗಲಿ, ಪಣಗಳು ಆಮೇಲೆ. ಕೊಳ್ಳುವವರ ನಡತೆಯೂ ಆಗ ಗೊತ್ತಾಗುತ್ತದೆ. ಪವನು ಇಲ್ಲೇ ಉಳಿದರೆ ಎರಡೂ ಪಾರ್ಸೆಲ್ ಮಿತಿಯ ಒಳಗೇ ಬರಬಹುದು.

ಮನೆಯವರೊಬ್ಬರು ಕೈಯಲ್ಲೇ ಒಯ್ಯುವುದು ಇನ್ನೊಂದು. ಮೌಲ್ಯ ಹೆಚ್ಚಿದ್ದಾಗ ನಾನು ಮೊದಲು ಸೂಚಿಸುವುದು ಇದನ್ನೇ. ಹಗಲಿನ ಬಸ್ಸು, ಜೊತೆಗೊಬ್ಬರು, ಚೀಲ ಮಡಿಲಲ್ಲಿ, ಮೇಲಿನ ಅಟ್ಟದಲ್ಲಲ್ಲ. ನಾಣ್ಯಗಳ ಪಟ್ಟಿ ಮತ್ತು ಫೋಟೊ ಜೊತೆಗಿರಲಿ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿದ್ದರೆ ಚೆಕ್‌ಪೋಸ್ಟ್‌ನಲ್ಲಿ ತಪಾಸಣೆ ಮಾಡುತ್ತಾರೆ, ದಾಖಲೆ ಇಲ್ಲದ ಚಿನ್ನ ಬೆಳ್ಳಿ ತಡೆಹಿಡಿದರೆ ಬಿಡಿಸಿಕೊಳ್ಳಲು ಓಡಾಡಬೇಕಾಗುತ್ತದೆ. ಆ ದಿನಗಳಲ್ಲಿ ಒಯ್ಯದಿರುವುದೇ ಲೇಸು. ಬಸ್ಸಿನ ಡ್ರೈವರ್ ಕೈಗೆ ಪೊಟ್ಟಣ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿದೆ. ಕಾಳುಮೆಣಸು, ಕಿತ್ತಳೆಗೆ ಅದು ಸರಿ, ಇದಕ್ಕೆ ಬೇಡ. ರಸೀದಿ ಇಲ್ಲ, ಕಳೆದರೆ ಒಳ್ಳೆಯ ಮನುಷ್ಯನೊಬ್ಬನ ಮೇಲೆ ಅಪವಾದ.

ಒಡವೆ ಸಾಗಿಸುವ ವಿಶೇಷ ಸಾಗಣೆ ಕಂಪನಿಗಳೂ ಇವೆ. ಅವರ ವ್ಯವಹಾರ ಚಿನ್ನದ ಅಂಗಡಿಗಳ ಜೊತೆ, ಬಿಡಿ ಗ್ರಾಹಕರನ್ನು ತೆಗೆದುಕೊಳ್ಳುವುದು ಕಡಿಮೆ. ಹರಾಜು ಸಂಸ್ಥೆಯ ಮೂಲಕ ಮಾರುವುದಾದರೆ ಅವರೇ ವ್ಯವಸ್ಥೆ ಮಾಡುತ್ತಾರೆಯೇ ಎಂದು ಕೇಳಬಹುದು.

ಹಣದ ವಿಷಯ

ಕೊಳ್ಳುವವರು ನಿಮಗೆ ಪರಿಚಿತರೋ ಅಲ್ಲವೋ ನೀವು ಬರೆದಿಲ್ಲ. ಅಪರಿಚಿತರಾದರೆ ಒಂದೇ ನಿಯಮ: ಹಣ ನಿಮ್ಮ ಬ್ಯಾಂಕ್ ಖಾತೆಗೆ ಜಮೆಯಾದದ್ದನ್ನು ಪಾಸ್‌ಬುಕ್‌ನಲ್ಲೋ ಬ್ಯಾಂಕಿನ ಆಪ್‌ನಲ್ಲೋ ನೀವೇ ನೋಡಿದ ಮೇಲೆ ಕಳಿಸಿ. ಸ್ಕ್ರೀನ್‌ಶಾಟ್ ಹಣವಲ್ಲ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದರೆ ಅದು ಮೋಸ, ಹಣ ಬರಲು ಪಿನ್ ಬೇಕಿಲ್ಲ. ರಿಸರ್ವ್ ಬ್ಯಾಂಕ್ ಹಳೆ ನಾಣ್ಯ ಕೊಳ್ಳುತ್ತದೆ, ಮೊದಲು ತೆರಿಗೆ ಕಟ್ಟಿ, ಕಮಿಷನ್ ಕಟ್ಟಿ ಎಂಬ ಕರೆಗಳೂ ಬರುತ್ತವೆ. ತನ್ನ ಹೆಸರಿನಲ್ಲಿ ನಡೆಯುವ ಈ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿದೆ. ಅದು ಇಂಥ ವ್ಯವಹಾರ ನಡೆಸುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ.

ತಲುಪುವ ದಿನ

ಬೆಂಗಳೂರಿನಲ್ಲಿ ಪಡೆಯುವವರಿಗೂ ಸೂಚನೆ ಕೊಡಿ. ಮುದ್ರೆ ಒಡೆದಿದೆಯೇ, ಮೂಲೆ ಬಿರಿದಿದೆಯೇ, ಟೇಪಿನ ಮೇಲೆ ಬೇರೆ ಟೇಪ್ ಇದೆಯೇ ಎಂದು ಸಹಿ ಹಾಕುವ ಮೊದಲು ನೋಡಬೇಕು. ಅನುಮಾನ ಬಂದರೆ ಮನೆಯಲ್ಲಿ ತೆಗೆದುಕೊಳ್ಳದೆ, ಅಂಚೆ ಕಚೇರಿಯಲ್ಲಿ ಅಧಿಕಾರಿಯ ಎದುರು ಬಿಚ್ಚಿ ಕೊಡುವಂತೆ ಕೇಳಬೇಕು. ಓಪನ್ ಡೆಲಿವರಿ ಎಂದರೆ ಅವರಿಗೆ ಅರ್ಥವಾಗುತ್ತದೆ. ಎಲ್ಲ ಸರಿ ಕಂಡರೂ ಮೊದಲು ತೂಕ, ಆಮೇಲೆ ಆರು ಬದಿಯ ಫೋಟೊ, ಆಮೇಲೆ ನಡುವೆ ನಿಲ್ಲಿಸದ ಒಂದೇ ವಿಡಿಯೊದಲ್ಲಿ ಬಿಚ್ಚುವುದು. ನೀವು ಕಟ್ಟುವಾಗಲೂ ಇದೇ ರೀತಿ ವಿಡಿಯೊ ಮಾಡಿರಬೇಕು, ಸಂಖ್ಯೆ ಹೇಳುತ್ತಾ ಒಂದೊಂದೇ ನಾಣ್ಯ ತೋರಿಸಿ, ಪೆಟ್ಟಿಗೆ ಮುಚ್ಚುವವರೆಗೆ.

ಟ್ರ್ಯಾಕಿಂಗ್‌ನಲ್ಲಿ ಪಾರ್ಸೆಲ್ ಮೂರು ದಿನ ಒಂದೇ ಕಡೆ ನಿಂತರೆ ಕಾಯುತ್ತಾ ಕೂರಬೇಡಿ. ಕೊಟ್ಟ ಕಚೇರಿಯಲ್ಲೇ ಲಿಖಿತ ದೂರು ಕೊಟ್ಟು ಸಂಖ್ಯೆ ಪಡೆಯಿರಿ, ಅಂಚೆ ಇಲಾಖೆಯ ಜಾಲತಾಣದಲ್ಲೂ ದಾಖಲಿಸಿ. ರಸೀದಿಯ ಶಾಯಿ ಬಿಸಿಲಿಗೂ ತೇವಕ್ಕೂ ಬೇಗ ಮಾಸುತ್ತದೆ. ಕೌಂಟರ್‌ನಿಂದ ಹೊರಗೆ ಬಂದ ಕೂಡಲೇ ಅದರ ಫೋಟೊ ತೆಗೆದು, ನಾಣ್ಯಗಳ ಪಟ್ಟಿಯ ಜೊತೆ ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.